ದುಂಬಿಯ ಪಾಲು

ಯಗಟಿಯು ಕಡೂರು ತಾಲ್ಲೂಕಿನ ಬಯಲುಸೀಮೆಯ ಗ್ರಾಮ. ಆ ಸೀಮೆಯಲ್ಲಿ ಮಳೆ ಅಲ್ಪ, ತೆಂಗು ರೈತನ ಆಸರೆ. ಎತ್ತರ ತಳಿಯ ತೆಂಗಿನ ಹೊಂಬಾಳೆಯಲ್ಲಿ ಸಾಮಾನ್ಯವಾಗಿ ಗಂಡುಹೂಗಳು ಮೊದಲು ಅರಳಿ ಉದುರುವುವು. ಹೆಣ್ಣುಹೂಗಳು ಅನಂತರ ಪಕ್ವವಾಗುವುವು. ಆದುದರಿಂದ ಬೇರೆ ಹೊಂಬಾಳೆಯ ಪರಾಗವು ಬರಬೇಕು. ಅದನ್ನು ತರುವವು ಗಾಳಿ ಮತ್ತು ಜೇನು.

ಜೇನಿಗೆ ಬಗೆಬಗೆಯ ಆಹಾರವೀಯುವುವು ಬದುವಿನ ನಾಡಗಿಡಗಳು. ಹೊಂಗೆಯು ಬೇಸಗೆಯಲ್ಲಿ ಅರಳುವುದು. ತುಂಬೆಯು ಮಳೆಯ ಬೆನ್ನಿಗೆ ಹೂ ತಳೆಯುವುದು. ಎಕ್ಕದ ಎಲೆಯು ಹುಲಿಬಣ್ಣದ ಚಿಟ್ಟೆಯ ಮರಿಗೆ ಆಹಾರ. ಬಿಲ್ವದ ಎಲೆಯು ನಿಂಬೆಗಿಡದ ಚಿಟ್ಟೆಯ ಮರಿಗೂ ಆಹಾರ.

ತುಂಬೆ, ಎಕ್ಕ, ಬಿಲ್ವಗಳು ಶಿವಪೂಜೆಗೂ ಸಲ್ಲುವ ಪತ್ರಪುಷ್ಪಗಳು. ಬದುವಿನ ತುಂಬೆಯನ್ನು ಕಳೆಯೆಂದು ಕಿತ್ತೆಸೆದು, ಪೂಜೆಯ ವೇಳೆಗೆ ಅದನ್ನೇ ಅರಸುವುದು ವಿಪರೀತವಲ್ಲವೆ? ಇದ್ದ ಹೂವನ್ನೆಲ್ಲ ಕೊಯ್ದರೆ ದುಂಬಿಗೆ ಉಪವಾಸ, ಗಿಡಕ್ಕೆ ಬೀಜವಿಲ್ಲ. ಮರುವರ್ಷ ಪೂಜೆಗೂ ಹೂವಿಲ್ಲ. ಹುಳು ಕಡಿದ ಬಿಲ್ವಕ್ಕೆ ವಿಷ ಸಿಂಪಡಿಸಿದರೆ ಚಿಟ್ಟೆಯ ಸಂತತಿಯೇ ಅಳಿಯುವುದು.

ದಾಸೋಹವೆಂದರೆ ಉಂಡು ಮಿಕ್ಕುದನ್ನು ನೀಡುವುದಲ್ಲ, ಉಣ್ಣುವ ಮೊದಲೇ ಪರರ ಪಾಲನ್ನು ತೆಗೆದಿಡುವುದು. ಆದುದರಿಂದ ಹೂ ಕೊಯ್ಯುವವನು ಪ್ರತಿ ಗಿಡದಲ್ಲಿಯೂ ಅರ್ಧವನ್ನು ಬಿಡಲಿ. ಬದುವಿನಲ್ಲಿ ಒಂದು ಹೊಂಗೆಯನ್ನು ನೆಡಲಿ. ಗಿಡದಲ್ಲಿ ಉಳಿದ ಹೂವೂ ಅರ್ಪಿತವೇ.