ಹೆತ್ತವರ ಪಾಲನೆ: ಕಾನೂನು ಏನು ಹೇಳುತ್ತದೆ?



ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಪರಿಚಿತವಾದ ಒಂದು ನೋಟವಿದೆ. ವಯಸ್ಸಾದ ತಾಯಿಯ ಮುರಿದ ಕಾಲು ಕೂಡಿದೆ, ಡಿಸ್‌ಚಾರ್ಜ್ ಚೀಟಿ ಸಿದ್ಧವಾಗಿದೆ. ಕರೆದೊಯ್ಯಲು ಮಾತ್ರ ಯಾರೂ ಬಂದಿಲ್ಲ. ದಾಖಲು ಮಾಡುವಾಗ ಕೊಟ್ಟ ಫೋನ್ ನಂಬರು ಬಂದ್ ಆಗಿದೆ. "ಮಗನಿಗೆ ಹೊಲದಾಗ ಕೆಲಸ ಅದ, ನಾಳೆ ಬರ್ತಾನ" ಎಂದು ಆಕೆ ದಿನವೂ ಹೇಳುತ್ತಾರೆ. ವಿಚಾರಿಸಿದರೆ, ಆ ಹೊಲ ಆಕೆಯದೇ ಆಗಿತ್ತು. ಎರಡು ವರ್ಷಗಳ ಹಿಂದೆ ಮಗನ ಹೆಸರಿಗೆ ಮಾಡಿಕೊಟ್ಟಿದ್ದರು.

ಇಂಥವರಿಗಾಗಿಯೇ ಒಂದು ಕಾನೂನಿದೆ. ಅದು 'ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007'. ನಮ್ಮ ರಾಜ್ಯದಲ್ಲಿ ಇದು 2008ರಿಂದ ಜಾರಿಯಲ್ಲಿದೆ. ಇದರ ಮುಖ್ಯ ವಿಷಯಗಳನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಯಾರು ಅರ್ಜಿ ಕೊಡಬಹುದು?

ತಮ್ಮ ದುಡಿಮೆ ಅಥವಾ ಆಸ್ತಿಯಿಂದ ಜೀವನ ನಡೆಸಲಾಗದ ತಂದೆ-ತಾಯಿ ಯಾರೇ ಆಗಲಿ ಅರ್ಜಿ ಕೊಡಬಹುದು. ಹೆತ್ತವರಿಗೆ 60 ವರ್ಷ ಆಗಿರಲೇಬೇಕೆಂದಿಲ್ಲ. ದತ್ತು ಪಡೆದವರಿಗೂ ಮಲತಂದೆ, ಮಲತಾಯಿಗೂ ಈ ಹಕ್ಕಿದೆ. ಮಕ್ಕಳಿಲ್ಲದವರಿಗೆ 60 ವರ್ಷ ತುಂಬಿದ್ದರೆ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರ ಮೇಲೆ ಅರ್ಜಿ ಕೊಡಬಹುದು.

ಪಾಲನೆಯ ಹೊಣೆ ಗಂಡುಮಕ್ಕಳದ್ದು ಮಾತ್ರವಲ್ಲ. ಹೆಣ್ಣುಮಕ್ಕಳಿಗೂ ವಯಸ್ಕರಾದ ಮೊಮ್ಮಕ್ಕಳಿಗೂ ಆ ಹೊಣೆಯಿದೆ.

ಎಲ್ಲಿ ಕೊಡಬೇಕು?

ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು ಈ ನ್ಯಾಯಮಂಡಳಿಯ ಮುಖ್ಯಸ್ಥರು. ತಾವು ವಾಸವಿರುವ ಕಡೆಯಾಗಲಿ, ಮಕ್ಕಳು ವಾಸವಿರುವ ಕಡೆಯಾಗಲಿ ಅರ್ಜಿ ಕೊಡಬಹುದು. ಮಗ ಬೆಂಗಳೂರಿನಲ್ಲಿದ್ದಾನೆಂದು ವೃದ್ಧ ತಾಯಿ ಅಲ್ಲಿಗೆ ಅಲೆಯಬೇಕಾಗಿಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಸ್ವತಃ ಹೋಗಲಾಗದವರು ಬೇರೊಬ್ಬರಿಗೆ ಅಥವಾ ಒಂದು ಸಂಸ್ಥೆಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು.

ಏನು ಸಿಗುತ್ತದೆ?

ಊಟ, ಬಟ್ಟೆ, ವಸತಿ ಮತ್ತು ಔಷಧೋಪಚಾರಕ್ಕಾಗಿ ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಲು ಆದೇಶವಾಗಬಹುದು. ಮಕ್ಕಳಿಗೆ ನೋಟೀಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು; ವಿಶೇಷ ಕಾರಣವಿದ್ದರೆ ಇನ್ನು 30 ದಿನ ಹೆಚ್ಚಿಸಬಹುದು. ಆದೇಶವಾದ ಮೇಲೂ ಹಣ ಕೊಡದವರಿಗೆ ಒಂದು ತಿಂಗಳವರೆಗೆ ಸೆರೆಮನೆ ವಾಸ ಆಗಬಹುದು. ಆದೇಶ ಸರಿಯೆನಿಸದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ಬರೆದುಕೊಟ್ಟ ಆಸ್ತಿ ಮರಳಿ ಬರುತ್ತದೆಯೇ?

ಬಹಳಷ್ಟು ಹಿರಿಯರು ಮೋಸ ಹೋಗುವುದು ಇಲ್ಲಿಯೇ. ಆದ್ದರಿಂದ ಗಮನವಿಟ್ಟು ಓದಿರಿ.

ಈ ಕಾನೂನಿನ 23ನೇ ಕಲಮಿನ ಪ್ರಕಾರ, "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿಯು ಆ ಪತ್ರವನ್ನು ರದ್ದುಪಡಿಸಬಹುದು. ಕಾನೂನು ಜಾರಿಗೆ ಬಂದ ನಂತರ ಆದ ಪತ್ರಗಳಿಗೆ ಮಾತ್ರ ಇದು ಅನ್ವಯ.

ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಮೊಕದ್ದಮೆ ಅದೇ ಕೋರ್ಟಿಗೆ ಬಂತು. ಮಗ ತನ್ನನ್ನು ನೋಡಿಕೊಳ್ಳುವುದಾಗಿ ಬರೆದುಕೊಟ್ಟ ಪತ್ರ ಆ ತಾಯಿಯ ಬಳಿ ಇತ್ತು. ಕೋರ್ಟು ದಾನಪತ್ರವನ್ನು ರದ್ದುಮಾಡಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಬಾಯಿಮಾತಿಗೂ ಬರಹಕ್ಕೂ ಇರುವ ವ್ಯತ್ಯಾಸ ಇದು.

ಆದುದರಿಂದ:

1. ಆಸ್ತಿ ಬರೆದುಕೊಡುವುದೇ ಆದರೆ, "ನಾನು ಜೀವಂತ ಇರುವವರೆಗೆ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು" ಎಂಬ ಅರ್ಥದ ಮಾತನ್ನು ಪತ್ರದಲ್ಲಿಯೇ ಬರೆಸಿರಿ.
2. ಅವಸರವಿಲ್ಲದಿದ್ದರೆ ಉಯಿಲು (ಮೃತ್ಯುಪತ್ರ) ಬರೆಯಿರಿ. ಅದು ನಿಮ್ಮ ಕಾಲಾನಂತರವೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.
3. ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿಯನ್ನಾಗಲಿ, ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ಕಾಯಿಲೆಯಿಂದ ಮಲಗಿರುವಾಗಲಂತೂ ಬೇಡವೇ ಬೇಡ.
4. ಪತ್ರದ ನಕಲು ನಿಮ್ಮ ಬಳಿ ಇರಲಿ.

ಬಿಟ್ಟು ಹೋದರೆ?

ಹಿರಿಯರ ಆರೈಕೆಯ ಹೊಣೆ ಹೊತ್ತವರು ಅವರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಬಸ್‌ಸ್ಟ್ಯಾಂಡಿನಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಎಲ್ಲಿಯೇ ಆಗಲಿ ಬಿಟ್ಟು ಹೋಗುವುದು ಅಪರಾಧ. 3 ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಹಿರಿಯರಿಗೊಂದು ಮಾತು

"ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೆ ಹೇಗೆ ದೂರು ಕೊಡಲಿ?" ಎಂದು ಅನೇಕರು ಸುಮ್ಮನಿರುತ್ತಾರೆ. ಆದರೆ ಅರ್ಜಿ ಕೊಟ್ಟ ಕೂಡಲೇ ಯಾರೂ ಮಗನನ್ನು ಜೈಲಿಗೆ ಕಳಿಸುವುದಿಲ್ಲ. ಮೊದಲು ಸಂಧಾನಕಾರರ ಮುಂದೆ ಕೂಡಿಸಿ ಮಾತನಾಡಿಸಲು ಈ ಕಾನೂನಿನಲ್ಲಿಯೇ ಅವಕಾಶವಿದೆ. ಎಷ್ಟೋ ಮಾತು ಅಲ್ಲಿಯೇ ಬಗೆಹರಿಯಬಹುದು. ಕೇಳುವುದು ನಿಮ್ಮ ಹಕ್ಕು, ಭಿಕ್ಷೆಯಲ್ಲ.

ಸಹಾಯ ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿರಿ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನೂ ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಏನೂ ತೋಚದಿದ್ದರೆ ನಿಮ್ಮ ವಾರ್ಡಿನ ಸಿಸ್ಟರ್ ಅವರಿಗೆ ಹೇಳಿರಿ. ಹೇಳಿಕೊಳ್ಳಲು ನಾಚಿಕೆ ಬೇಡ.

ಮಕ್ಕಳಿಗೊಂದು ಮಾತು

ಕಾನೂನು ಹಣ ಕೊಡಿಸಬಲ್ಲದು, ಹೊಲ ಮರಳಿಸಬಲ್ಲದು. ಬಾಗಿಲ ಕಡೆ ನೋಡುತ್ತ ಕುಳಿತ ತಾಯಿಯ ಬಳಿಗೆ ಮಗನನ್ನು ಅದು ಕರೆತರಲಾರದು. ಡಿಸ್‌ಚಾರ್ಜ್ ದಿನ ದಯವಿಟ್ಟು ಸಮಯಕ್ಕೆ ಬನ್ನಿರಿ.