ಮುಂದಿನ ವರ್ಷದ ಕೈತೋಟ: ಬೀಜದ ಪಟ್ಟಿಯನ್ನು ಆರಿಸುವ ಬಗೆ

ದಂಪತಿಗಳೇ,

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ರೈತನ ಮನೆಯಲ್ಲಿ ತುಸು ಬಿಡುವು ದೊರೆಯುತ್ತದೆ. ಮುಂಗಾರಿಗೆ ರಾಗಿ, ಜೋಳದ ಬೀಜ ಎಷ್ಟು ಬೇಕೆಂಬ ಲೆಕ್ಕ ಈ ದಿನಗಳಲ್ಲಿಯೇ ನಡೆಯುತ್ತದೆ. ಆದರೆ ಹಿತ್ತಿಲ ಕೈತೋಟಕ್ಕೆ ಯಾವ ಬೀಜ ಬೇಕೆಂದು ಕುಳಿತು ಯೋಚಿಸುವ ಮನೆಗಳು ವಿರಳ. ಮಳೆ ಬಿದ್ದ ಬಳಿಕ ಸಂತೆಯಲ್ಲಿ ಸಿಕ್ಕಿದ ಪೊಟ್ಟಣವನ್ನು ತಂದು ಚೆಲ್ಲುವುದೇ ರೂಢಿ. ಮೊಳೆತರೆ ಅದೃಷ್ಟ, ಮೊಳೆಯದಿದ್ದರೆ ಆ ವರ್ಷ ಮನೆಯಲ್ಲಿ ಸೊಪ್ಪಿಲ್ಲ.

ಸೊಪ್ಪಿಲ್ಲದ ಮನೆಯಲ್ಲಿ ಮೊದಲು ಸೊರಗುವವರು ತಾಯಿ ಮತ್ತು ಮಗು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. 5 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಈ ಕೊರತೆ ಇತ್ತು. ಆದುದರಿಂದ ಬೀಜದ ಆಯ್ಕೆ ಕೇವಲ ಬೇಸಾಯದ ವಿಷಯವಲ್ಲ, ಕುಟುಂಬದ ಆರೋಗ್ಯದ ವಿಷಯವೂ ಹೌದು.

ಪಟ್ಟಿಗೆ ಮೊದಲು ತಟ್ಟೆ

ಸಂಶೋಧನಾ ಸಂಸ್ಥೆಗಳೂ ಬೀಜದ ಕಂಪನಿಗಳೂ ತಮ್ಮಲ್ಲಿ ದೊರೆಯುವ ಬೀಜಗಳ ಪಟ್ಟಿಯನ್ನು ಹೊರತರುತ್ತವೆ. ಬೇಕಾದುದನ್ನು ತಿಳಿಸಿ ಹಣ ಸಂದಾಯ ಮಾಡಿದರೆ ಅಂಚೆಯ ಮೂಲಕ ಬೀಜ ಕಳುಹಿಸುವವರೂ ಇದ್ದಾರೆ. ಬಣ್ಣದ ಚಿತ್ರಗಳಿರುವ ಪಟ್ಟಿಯನ್ನು ಕಂಡೊಡನೆ ಎಲ್ಲವೂ ಬೇಕೆನಿಸುವುದು ಸಹಜ. ಅದನ್ನು ತೆರೆಯುವ ಮೊದಲು ನೀವಿಬ್ಬರೂ ಕುಳಿತು ನಿಮ್ಮದೇ ಒಂದು ಪಟ್ಟಿಯನ್ನು ಬರೆಯಿರಿ.

ಒಂದು ಮನೆಯ ಮಾತನ್ನು ಕೇಳೋಣ. ಗಂಡ ಪಟ್ಟಿ ಹಿಡಿದು, "ಈ ಬಣ್ಣದ ದೊಣ್ಣೆಮೆಣಸಿನಕಾಯಿ ಹಾಕೋಣವೇನು?" ಎನ್ನುತ್ತಾನೆ. ಹೆಂಡತಿ ಹೇಳುತ್ತಾಳೆ: "ಅದು ಇರಲಿ ಬಿಡಿ. ಹೋದ ವರ್ಷ ಚೈತ್ರ, ವೈಶಾಖ ಎರಡು ತಿಂಗಳೂ ಮನೆಯಲ್ಲಿ ಬರೀ ಉಪ್ಪುಸಾರು. ಈ ಸಲ ಆ ಹೊತ್ತಿಗೆ ಕೂಸಿಗೆ ಆರು ತಿಂಗಳು ತುಂಬುತ್ತದೆ. ಅದಕ್ಕೆ ಬೇಯಿಸಿ ನುರಿದು ತಿನ್ನಿಸಲು ಸೊಪ್ಪು ಬೇಡವೇ?" ಈ ತಾಯಿಯ ಪ್ರಶ್ನೆಯೇ ಸರಿಯಾದ ಆರಂಭ. ಯಾವ ತಿಂಗಳಲ್ಲಿ ತಟ್ಟೆ ಬರಿದಾಗಿತ್ತು? ಮುಂದಿನ ವರ್ಷ ಮನೆಯಲ್ಲಿ ಗರ್ಭಿಣಿ, ಬಾಣಂತಿ, ಕೂಸು ಯಾರಿರುತ್ತಾರೆ? ಇದನ್ನು ತಿಳಿದುಕೊಂಡು ಬೀಜವನ್ನು ಆರಿಸಬೇಕು.

ಪಟ್ಟಿಯನ್ನು ಓದುವ ಬಗೆ

ಒಳ್ಳೆಯ ಪಟ್ಟಿಯಲ್ಲಿ ಚಿತ್ರಕ್ಕಿಂತ ವಿವರ ಹೆಚ್ಚಾಗಿರುತ್ತದೆ. ತಳಿಯ ಹೆಸರು, ಬಿತ್ತುವ ಕಾಲ, ಕೊಯ್ಲಿಗೆ ಬೇಕಾದ ದಿನಗಳು, ರೋಗ ತಡೆಯುವ ಗುಣ, ಪೊಟ್ಟಣದ ತೂಕ, ಬೆಲೆ ಇವಿಷ್ಟೂ ಇರಬೇಕು. "ಅಧಿಕ ಇಳುವರಿ" ಎಂಬ ಒಂದೇ ಮಾತು ಇರುವ ಪಟ್ಟಿಯನ್ನು ಬದಿಗಿಡಿ.

ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಉದಾಹರಣೆಯಾಗಿ ನೋಡಬಹುದು. ಈ ಸಂಸ್ಥೆಯ ತಳಿಗಳ ಹೆಸರು "ಅರ್ಕ" ಎಂದು ಆರಂಭವಾಗುತ್ತದೆ. ಅರ್ಕ ಸುಗುಣ ಎಂಬ ದಂಟಿನ ಸೊಪ್ಪನ್ನು ಬಿತ್ತಿದ 25-30 ದಿನಗಳಲ್ಲಿ ಕೊಯ್ಯಬಹುದು. ಬೇರುಸಹಿತ ಕೀಳದೆ ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ. ನಮ್ಮ ಹಳೆಯ ಅವರೆ ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಮಾತ್ರ ಹೂಬಿಡುತ್ತದೆ. ಅರ್ಕ ಜಯ್, ಅರ್ಕ ವಿಜಯ್ ಎಂಬ ಗಿಡ್ಡ ಅವರೆಗಳಿಗೆ ಆ ಕಟ್ಟಿಲ್ಲ. ನೀರಿದ್ದರೆ ಬೇರೆ ಕಾಲದಲ್ಲಿಯೂ ಕಾಯಿ ಕೊಡುತ್ತವೆ. ಬರಿದಾದ ತಿಂಗಳನ್ನು ತುಂಬಲು ಇಂಥ ವಿವರವೇ ನೆರವಾಗುತ್ತದೆ.

ಸಂಕರ ತಳಿಯನ್ನು ಸಾಮಾನ್ಯ ತಳಿಯಿಂದ ಗುರುತಿಸಲು ಕಲಿಯಿರಿ. ಟೊಮೇಟೊದಲ್ಲಿ ಅರ್ಕ ರಕ್ಷಕ್ ಸಂಕರ ತಳಿ. ಅದು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಅದರ ಹಣ್ಣಿನ ಬೀಜವನ್ನು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ, ಪ್ರತಿವರ್ಷವೂ ಕೊಳ್ಳಬೇಕು. ಅರ್ಕ ವಿಕಾಸ್ ಸಾಮಾನ್ಯ ತಳಿ. ಅದರ ಬೀಜವನ್ನು ತೆಗೆದಿಟ್ಟು ಬಿತ್ತಬಹುದು. ಮಾರಾಟಕ್ಕೆ ಬೆಳೆಯುವವರ ಲೆಕ್ಕ ಬೇರೆ. ಮನೆಯ ಊಟಕ್ಕೆ ಬೆಳೆಯುವವರಿಗೆ ಬೀಜ ಉಳಿಸಿಕೊಳ್ಳಬಹುದಾದ ತಳಿಯೇ ಹೆಚ್ಚು ಹಿತ.

ತೂಕದ ಕಡೆಗೂ ಗಮನವಿರಲಿ. ಒಂದು ಗ್ರಾಂ ದಂಟಿನ ಬೀಜದಲ್ಲಿ ಸಾವಿರಕ್ಕೂ ಹೆಚ್ಚು ಕಾಳುಗಳಿರುತ್ತವೆ. ಒಂದು ಗ್ರಾಂ ಬೆಂಡೆಯಲ್ಲಿ ಸುಮಾರು ಹದಿನೈದು. ದೊಡ್ಡ ಪೊಟ್ಟಣ ಅಗ್ಗವೆಂದು ತರಿಸಿ ಹಾಳುಮಾಡುವುದಕ್ಕಿಂತ ನೆರೆಮನೆಯವರೊಡನೆ ಹಂಚಿಕೊಳ್ಳುವುದು ಲೇಸು.

ಪೊಟ್ಟಣ ಕೈಸೇರಿದ ಮೇಲೆ

ಪೊಟ್ಟಣದ ಮೇಲೆ ಬೀಜವನ್ನು ಪರೀಕ್ಷಿಸಿದ ದಿನಾಂಕ, ಬಳಸಬೇಕಾದ ಅವಧಿ, ಮೊಳಕೆಯ ಪ್ರಮಾಣ ಇವೆಯೇ ಎಂದು ನೋಡಿ. ಪ್ರಮಾಣೀಕೃತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ರಸೀದಿಯನ್ನು ಜೋಪಾನವಾಗಿಡಿ.

ಬಳಿಕ 20 ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತ ಒಂದು ವಾರ ನೆರಳಿನಲ್ಲಿಡಿ. ಬೆಂಡೆಗೆ ಗೊತ್ತುಪಡಿಸಿರುವ ಕನಿಷ್ಠ ಮೊಳಕೆ ನೂರಕ್ಕೆ 65. ಎಂದರೆ ಇಪ್ಪತ್ತರಲ್ಲಿ 13 ಮೊಳೆಯಬೇಕು. ಅದಕ್ಕಿಂತ ಬಹಳ ಕಡಿಮೆ ಮೊಳೆತರೆ ಮಾರಿದವರನ್ನು ಕೇಳಲು ಇನ್ನೂ ಕಾಲಾವಕಾಶ ಇರುತ್ತದೆ. ಉಗಾದಿಯ ಹೊತ್ತಿಗೇ ಬೀಜ ತರಿಸಬೇಕೆನ್ನುವುದು ಇದಕ್ಕಾಗಿಯೇ.

ಎಚ್ಚರಿಕೆ

ಕೆಂಪು, ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಔಷಧಿ ಲೇಪಿಸಿರುತ್ತಾರೆ. ಅದು ವಿಷ. ಮಿಕ್ಕ ಬೀಜವನ್ನು ಅಡುಗೆಗೆ ಬಳಸಬೇಡಿ, ಕೋಳಿಗೂ ಹಾಕಬೇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ. ಬಿತ್ತಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಖಾಲಿ ಪೊಟ್ಟಣದಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ.

ಸೊಪ್ಪು ಆಹಾರ, ಅದು ಮಾತ್ರೆಗೆ ಬದಲಲ್ಲ. ಗರ್ಭಿಣಿಯು ಆರೋಗ್ಯ ಕಾರ್ಯಕರ್ತೆ ನೀಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಚಹಾ, ಕಾಫಿ ಬೇಡ. ಆದುದರಿಂದ ನಿಮ್ಮ ಪಟ್ಟಿಯಲ್ಲಿ ದಂಟು, ನುಗ್ಗೆಗಳ ಜೊತೆಗೆ ಒಂದು ನಿಂಬೆಗಿಡಕ್ಕೂ ಸ್ಥಳವಿರಲಿ.

ಇಂದು ರಾತ್ರಿಯ ಕೆಲಸ

ಊಟವಾದ ಮೇಲೆ ದಂಪತಿಗಳಿಬ್ಬರೂ ಕುಳಿತು ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ಕಳೆದ ವರ್ಷ ಯಾವ ತಿಂಗಳುಗಳಲ್ಲಿ ಮನೆಯಲ್ಲಿ ಸೊಪ್ಪು, ತರಕಾರಿ ಇರಲಿಲ್ಲ?

2. ಆ ತಿಂಗಳುಗಳಲ್ಲಿ ಕೈಗೆ ಬರಬೇಕಾದರೆ ಯಾವುದನ್ನು, ಎಂದು ಬಿತ್ತಬೇಕು?

3. ಅದಕ್ಕೆ ನೀರು ಹಾಕುವವರು ಯಾರು?

ಮೂರನೆಯ ಪ್ರಶ್ನೆಗೆ ಹೆಂಡತಿಯ ಹೆಸರೊಂದನ್ನೇ ಬರೆಯಬೇಡಿ. ಬಸುರಿ ಹೆಂಡತಿ ಕೊಡ ಹೊತ್ತು ನೀರುಣಿಸಿದ ತೋಟದಿಂದ ಅವಳಿಗೆ ಬಲ ಬರಲಾರದು. ಬೀಜವನ್ನು ಇಬ್ಬರೂ ಕೂಡಿ ಆರಿಸಿದಂತೆ ಗಿಡವನ್ನೂ ಇಬ್ಬರೂ ಕೂಡಿ ಸಾಕಿರಿ.