ಎರೆ ಹೊಲದಲ್ಲಿ ಕೃಷ್ಣಮೃಗ: ಕಾಯ್ದೆ ಏನು ಹೇಳುತ್ತದೆ?

ಯಲಬುರ್ಗಾ, ಕುಷ್ಟಗಿ ಭಾಗದ ಎರೆ ಹೊಲಗಳಲ್ಲಿ ಕಡಲೆ, ಹೆಸರು ಮೊಳೆಯುತ್ತಲೇ ಕೃಷ್ಣಮೃಗಗಳ ಹಿಂಡು ಇಳಿಯುತ್ತದೆ. ಮೇದದ್ದರ ಜೊತೆಗೆ ತುಳಿದದ್ದೂ ಹಾಳು. ಕಾಡುಹಂದಿ ಕೊಲ್ಲಲು ಅನುಮತಿ ಉಂಟು, ಇದಕ್ಕೇಕಿಲ್ಲ ಎಂದು ರೈತರು ಕೇಳುವುದು ಸಹಜವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಮನುಷ್ಯರ ಪ್ರಾಣಕ್ಕೆ ಅಪಾಯವಿದ್ದರೆ, ಇಲ್ಲವೇ ಪ್ರಾಣಿಯು ಗುಣವಾಗದ ರೋಗಕ್ಕೆ ತುತ್ತಾಗಿದ್ದರೆ ಮಾತ್ರ ಬೇಟೆಗೆ ಅನುಮತಿ ಸಿಗಬಹುದು. ಬೆಳೆ ಹಾನಿ ಕಾರಣವಾಗದು. ಎರಡನೆಯ ಅನುಸೂಚಿಯ ಹಂದಿಗೆ ಬೆಳೆ ಹಾನಿಯೂ ಕಾರಣವೇ, ಆದರೆ ಲಿಖಿತ ಆದೇಶ ಬೇಕು. ಹೊಲ ಸ್ವಂತದ್ದೆಂದು ಕೃಷ್ಣಮೃಗದ ಮೇಲೆ ಬಂದೂಕು ಎತ್ತಿದರೆ 3ರಿಂದ 7 ವರ್ಷ ಸೆರೆವಾಸ. ಬೇಲಿಯ ತಂತಿಗೆ ನೇರ ವಿದ್ಯುತ್ ಹರಿಸುವುದಂತೂ ಮನೆಯವರಿಗೇ ಮೃತ್ಯು.

ಮೊಳಕೆಯ ಮೊದಲ ವಾರಗಳಲ್ಲಿ ಅಕ್ಕಪಕ್ಕದ ಹೊಲದವರು ಸರದಿಯಂತೆ ಕಾವಲಿರುವುದು ಲೇಸು. ಹಾನಿಯಾದರೆ ಹೆಜ್ಜೆ ಗುರುತು ಅಳಿಯುವ ಮೊದಲೇ ಫೋಟೋ ತೆಗೆದು, ಪಹಣಿಯೊಡನೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಬೇಕು.